ಕಂಡಕ್ಟಿಗೆ ಕೊಟ್ಟ ಗಾಳಾ

ಹೊರದೇಶದ ಕಂಪನಿಗಳು ನಮ್ಮ ದೇಶದೊಳಗೆ ಹೇಗೆ ಬರುತ್ತವೆ, ದುಡ್ಡು ಹೇಗೆ ಹಾಕುತ್ತವೆ ಎಂಬುದಕ್ಕೆ ದೊಡ್ಡ ಕಾಲೇಜುಗಳಲ್ಲಿ ಪಾಠ ಇದೆಯಂತೆ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆ ಪಾಠ ನನಗೆ ಗೊತ್ತಿಲ್ಲ. ಒಂದು ಕಂಪನಿ ಬಂದದ್ದನ್ನು ಹತ್ತಿರದಿಂದ ನೋಡಿದ್ದೇನೆ, ಅಷ್ಟೆ. ಅದು ಬಂದದ್ದು ಮುಂಬೈ ಕಡೆಯ ಶಹಾಡಿನ ನಮ್ಮ ಗಾಳಾಕ್ಕೆ. ಗಾಳಾ ಎಂದರೆ ದೊಡ್ಡದೇನಲ್ಲ, ಕಾರ್ಖಾನೆಗಳ ಸಾಲಿನಲ್ಲಿ ಶಟರ್ ಇರುವ ಒಂದು ಉದ್ದ ಕೋಣೆ. ಅಲ್ಲಿ ಮಾವ ಇಡ್ಲಿ ದೋಸೆಯ ಹಿಟ್ಟು ಮಾಡಿಸುತ್ತಿದ್ದರು. ನಾನು ಟೆಂಪೋ ಓಡಿಸಿ ಅದನ್ನು ಕಲ್ಯಾಣ, ಡೊಂಬಿವಲಿ, ಥಾಣೆಯ ಹೋಟೆಲುಗಳಿಗೆ ಹಾಕುತ್ತಿದ್ದೆ.

ಮಾವ ಅಂದರೆ ನನ್ನ ಅಮ್ಮನ ಅಣ್ಣ. ಉಡುಪಿ ಕಡೆಯಿಂದ ಬಂದು ಕೋಪರಿಯಲ್ಲಿ ಸ್ಟೇಷನ್ ಪಕ್ಕದ ಹೋಟೆಲೊಂದರಲ್ಲಿ ಪ್ಲೇಟು ತೊಳೆದರು, ಸಪ್ಲೈ ಮಾಡಿದರು, ಕೊನೆಗೆ ಅದೇ ಹೋಟೆಲನ್ನು ಕಂಡಕ್ಟಿಗೆ ಹಿಡಿದರು. ಇದೇನೆಂದು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಈ ಕಡೆ ನಮ್ಮವರು ಹೋಟೆಲು ಮಾರುವುದು ಕಡಿಮೆ. ನಡೆಸಲು ಆಗದಿದ್ದವನು ಇನ್ನೊಬ್ಬನಿಗೆ ಕಂಡಕ್ಟಿಗೆ ಕೊಡುತ್ತಾನೆ. ಬೋರ್ಡು ಧನಿಯದು ಅಂದರೆ ಮಾಲೀಕನದು, ಲೈಸೆನ್ಸೂ ಧನಿಯದು. ನಡೆಸುವವನು ತನ್ನ ಭಟ್ಟರನ್ನು, ಹುಡುಗರನ್ನು ತರುತ್ತಾನೆ. ತಿಂಗಳಿಗೆ ಇಷ್ಟು ಎಂದು ಧನಿಗೆ ಕೊಡುತ್ತಾನೆ. ಲಾಭ ನಷ್ಟ ಅವನದು. ಏಸಿ ಹಾಕಿಸಿದರೂ, ಹೊಸ ಟೇಬಲ್ ತಂದರೂ ಅವನದೇ ಖರ್ಚು. ಗಡುವು ಮುಗಿದ ದಿನ ಹೋಟೆಲು ಧನಿಗೆ ವಾಪಸು. ಅಲ್ಲಿಯವರೆಗೆ ಧನಿಯಾದವನು ಕೌಂಟರಿನಲ್ಲಿ ಬಂದು ಕೂರುವಂತಿಲ್ಲ, ಅಡುಗೆಮನೆಗೆ ತಲೆ ಹಾಕುವಂತಿಲ್ಲ. ಹಾಕಿದರೆ ನಂಬಿಕೆ ಇಲ್ಲದವನು ಎಂದು ಹೆಸರು ಬರುತ್ತದೆ, ಮುಂದೆ ಒಳ್ಳೆಯವರು ಯಾರೂ ಅವನ ಹೋಟೆಲು ಹಿಡಿಯುವುದಿಲ್ಲ.

ಮಾವ ಹೀಗೆ ಆ ಹೋಟೆಲನ್ನು ವರ್ಷಗಟ್ಟಲೆ ನಡೆಸಿ, ಗಡುವಿಗೆ ಸರಿಯಾಗಿ ಧನಿಯ ಕೈಗೆ ಕೊಟ್ಟು ಹೊರಬಂದವರು. ಧನಿಯೂ ಅಷ್ಟೆ, ಅಷ್ಟು ವರ್ಷ ಗಿರಾಕಿಯ ಹಾಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದನಂತೆ. ಈ ವಿಷಯ ಹೇಳುವಾಗ ಮಾವನ ಬೆನ್ನು ನೆಟ್ಟಗಾಗುತ್ತಿತ್ತು.

ಸಣ್ಣ ಹೋಟೆಲುಗಳಿಗೆ ರುಬ್ಬಲು ಜಾಗವಿಲ್ಲ ಎಂದು ಅವರಿಗೆ ಗೊತ್ತಿತ್ತು. ಇದ್ದ ದುಡ್ಡೆಲ್ಲ ಹಾಕಿ, ಅತ್ತೆಯ ಬಂಗಾರವನ್ನೂ ಬಿಡದೆ ಹಾಕಿ, ಶಹಾಡಿನ ಗಾಳಾ ಕೊಂಡರು. ಗ್ರೈಂಡರು ಬಂತು, ಉಲ್ಹಾಸನಗರದಿಂದ ಸ್ಟೀಲಿನ ದೊಡ್ಡ ಡಬ್ಬಿಗಳು ಬಂದವು. ಮಳೆಗಾಲಕ್ಕೆ ಬೇರೆ, ಚಳಿಗೆ ಬೇರೆ ಎಂದು ಉದ್ದು ನೆನೆಸುವ ಹೊತ್ತನ್ನು ಅವರೇ ಹೇಳುತ್ತಿದ್ದರು. ನಾನು ಊರಿನಿಂದ ಬಂದು ಸೇರಿದ ಮೇಲೆ ಟೆಂಪೋ ತೆಗೆದುಕೊಂಡೆವು. ಅವರಿಗೆ ಮಕ್ಕಳಿಲ್ಲ. ಡೊಂಬಿವಲಿಯ ಮನೆಯಲ್ಲಿ ಮಾವ, ಅತ್ತೆ, ನಾನು.

ಕಂಪನಿಯ ಕಥೆ ನನಗೆ ಗೊತ್ತಾದದ್ದು ಅದರ ಪರವಾಗಿ ಬಂದ ಥಾಣೆಯವನಿಂದ. ಮೂವತ್ತು ದಾಟಿದ ಗಂಡಸು. ಅಪ್ಪ ಅಮ್ಮ ನಮ್ಮ ಕಡೆಯವರೇ, ಇವನು ಹುಟ್ಟಿದ್ದು ಬೆಳೆದದ್ದು ಥಾಣೆ. ನಾವು ಕನ್ನಡದಲ್ಲಿ ಮಾತಾಡಿದರೆ ಅಷ್ಟೂ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಕೊಡುತ್ತಾನೆ. ಅವನೇ ನಗುತ್ತಾ ಹೇಳಿದ್ದು: ಮೊದಲು ಕಂಪನಿ ತನ್ನ ದೇಶದಿಂದ ತಿಂಡಿ ಕಳಿಸಿತು. ಹಡಗಿನಲ್ಲಿ ಬಂದ ತಣ್ಣನೆಯ ಪ್ಯಾಕೆಟ್ಟುಗಳು ನವಿ ಮುಂಬೈಯ ಕೋಲ್ಡ್ ಸ್ಟೋರೇಜಿನಲ್ಲಿ ಬಿದ್ದವು. ಯಾರೂ ಕೊಳ್ಳಲಿಲ್ಲ. ಆಮೇಲೆ ಹೆಸರು ಕಳಿಸಿತು. ವಾಶಿಯವನೊಬ್ಬ ಕಂಪನಿಯ ಹೆಸರು ತೆಗೆದುಕೊಂಡು ಶಾಪಿಂಗ್ ಮಾಲುಗಳಲ್ಲಿ ಕೌಂಟರ್ ಹಾಕಿದ, ಹೆಸರಿಗೆ ಅಂತ ಫೀಸು ಕೊಟ್ಟ, ಕೊನೆಗೆ ಮುಚ್ಚಿದ. ಈ ದೇಶದವರು ಬೆಳಿಗ್ಗೆ ತಮ್ಮದನ್ನೇ ತಿನ್ನುತ್ತಾರೆ ಎಂದು ಅವರಿಗೆ ಆಗ ಗೊತ್ತಾಯಿತು. ಈಗ ದುಡ್ಡು ಕಳಿಸುತ್ತಿದ್ದಾರೆ. ಇಲ್ಲಿಯವರೊಬ್ಬರ ಜೊತೆ ಸೇರಿ ಹೊಸ ಕಂಪನಿ ಮಾಡಬೇಕಂತೆ.

ಗಾಳಾದಲ್ಲಿ ಅಕ್ಕಿಮೂಟೆಯ ಮೇಲೆ ಕೂತು ಅವನು ಎಲ್ಲ ಹೇಳಿದ. ಐವತ್ತೊಂದು ಪಾಲು ಅವರದು, ನಲವತ್ತೊಂಬತ್ತು ಮಾವನದು. ದುಡ್ಡು, ಮಶಿನು ಅವರು ತರುತ್ತಾರೆ. ಗಾಳಾ, ಹಿಟ್ಟಿನ ಕ್ರಮ, ಹಿಟ್ಟು ಕೊಳ್ಳುವ ಹೋಟೆಲುಗಳು, ಹಿಟ್ಟಿಗಿದ್ದ ನಮ್ಮ ಹೆಸರು, ಇವು ಮಾವ ಹಾಕುವ ಬಂಡವಾಳ. ಐದು ವರ್ಷ ಯಾರೂ ತಮ್ಮ ಪಾಲು ಮಾರುವಂತಿಲ್ಲ. ತಿಂಗಳು ತಿಂಗಳು ಮಾವನಿಗೆ ಸಂಬಳ.

ಮಾವ ಕೇಳಿದ್ದು ಎರಡೇ ಮಾತು. "ಬೋರ್ಡು ಯಾರ ಹೆಸರಲ್ಲಿ?"

"ಆಪ್ ಕಾ ಹೀ ನಾಮ್ ರಹೇಗಾ ಅಂಕಲ್. ನಾಮ್ ಕೇ ಲಿಯೇ ತೋ ಆಯೇ ಹೈ," ನಿಮ್ಮ ಹೆಸರಿಗಾಗಿಯೇ ಬಂದದ್ದು ಎಂದ.

"ಎಷ್ಟು ವರ್ಷ ಅಂದ್ರಿ?"

"ಪಾಂಚ್ ಸಾಲ್."

ಮಾವ ತಲೆ ಆಡಿಸಿದರು. ನನಗೂ ಅದರಲ್ಲಿ ಗೊಂದಲ ಕಾಣಲಿಲ್ಲ. ಬೋರ್ಡು ನಮ್ಮದು, ಖರ್ಚು ಅವರದು, ತಿಂಗಳಿಗೆ ದುಡ್ಡು, ಐದು ವರ್ಷ. ಇದು ಏನೆಂದು ಕೋಪರಿಯಿಂದ ಕಲ್ಯಾಣದವರೆಗೆ ಯಾವ ಹೋಟೆಲಿನವನನ್ನು ಕೇಳಿದರೂ ಹೇಳುತ್ತಾನೆ.

ಮನೆಯಲ್ಲಿ ಅತ್ತೆ ಊಟ ಬಡಿಸುತ್ತಾ ಕೇಳಿದರು. "ಗಾಳಾ ನಮ್ಮ ಕೈಲಿ ಉಳೀತದಾ?"

"ಕಂಡಕ್ಟಿಗೆ ಕೊಟ್ರೆ ಹೋಟ್ಲು ಹೋಗ್ತದಾ ಮಾರಾಯ್ತಿ? ನಾನು ಅಷ್ಟು ವರ್ಷ ನಡೆಸಿದೆ, ಅದು ನನ್ನದಾಯ್ತಾ?"

"ನೀವು ವಾಪಸ್ ಕೊಟ್ರಿ. ಎಲ್ಲರೂ ನಿಮ್ಮ ಹಾಗೇ ಇರ್ತಾರಾ?"

"ಅವ ನಮ್ಮ ಕಡೆಯವ್ನೇ. ಅವನ ಅಜ್ಜನ ಮನೆ ಎಲ್ಲಿ ಅಂತ ನಂಗೆ ಗೊತ್ತುಂಟು."

"ದುಡ್ಡು ಹಾಕುವವ್ರ ಅಜ್ಜನ ಮನೆ ಗೊತ್ತುಂಟಾ?"

ಮಾವ ಸಾರು ಹಾಕು ಎಂದರು.

ಸಹಿ ಹಾಕುವ ದಿನ ಥಾಣೆಯವನು ಕಾಗದಗಳನ್ನು ಓದಿ ಹೇಳಲು ಕೂತ. ಮಾವ ಅರ್ಧದಲ್ಲಿ ನಿಲ್ಲಿಸಿದರು. ಹೋಟೆಲಿನವರಲ್ಲಿ ಹಾಗೆಯೇ. ಪೂರ್ತಿ ಓದಿಸಿ ಸಹಿ ಹಾಕಿದರೆ ಎದುರಿನವನಿಗೆ ಅವಮಾನ ಮಾಡಿದ ಹಾಗೆ.

ಶುರುವಿನ ದಿನಗಳು ಚೆನ್ನಾಗಿಯೇ ಇದ್ದವು, ಸುಳ್ಳು ಹೇಳುವುದಿಲ್ಲ. ಎಲ್ಲರಿಗೂ ಬಿಳಿ ಟೊಪ್ಪಿ ಬಂತು, ಕೈಗವಸು ಬಂತು. ಹಿಟ್ಟಿನ ಬಿಸಿ ನೋಡಲು ಮೀಟರು ಬಂತು. ಕಲ್ಯಾಣದ ಹೋಟೆಲಿನ ಧನಿ, ಮಾವನ ಹಳೇ ಸ್ನೇಹಿತ, ಡಬ್ಬಿ ಇಳಿಸುವಾಗಲೆಲ್ಲ ನನ್ನನ್ನು ಕೆಣಕುತ್ತಿದ್ದ.

"ಎಂತ ಅಳಿಯ, ಹಿಟ್ಟು ಫಾರಿನ್ ಆಯ್ತಂತೆ? ಇನ್ನು ಇಡ್ಲಿ ಇಂಗ್ಲಿಷ್ ಮಾತಾಡ್ತದಾ?"

"ಮಾತಾಡಿದ್ರೆ ನಿಮ್ಗೆ ತಿಳೀಬೇಕಲ್ಲ ಧನಿ."

"ಅದೂ ಹೌದು. ಹಾಗಾದ್ರೆ ತುಳು ಕಲಿಸಿ ಕಳಿಸು."

ಎರಡನೇ ವರ್ಷ ಕಂಪನಿ ನವಿ ಮುಂಬೈಯ ಮಹಾಪೆಯಲ್ಲಿ ದೊಡ್ಡ ಪ್ಲಾಂಟು ಹಾಕಲು ಹೊರಟಿತು. ಥಾಣೆಯವನು ಮಾವನಿಗೆ ಫೋನು ಮಾಡಿದ. ನಾವು ಟೆಂಪೋದಲ್ಲಿ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆವು. ಫೋನು ಸ್ಪೀಕರಿನಲ್ಲಿತ್ತು.

"ಅಂಕಲ್, ಮೀಟಿಂಗ್ ಮೇ ಆನಾ. ಕಂಪನಿ ಔರ್ ಪೈಸಾ ಡಾಲ್ ರಹೀ ಹೈ. ಆಪ್ ಭೀ ಡಾಲೋಗೇ?"

"ದುಡ್ಡು ನಾನೆಂತಕ್ಕೆ ಹಾಕುದು? ನಡೆಸುವವ್ರು ನೀವು. ಮಶಿನು ಬೇಕಾದ್ರೆ ನೀವು ಹಾಕಿ."

"ನಹೀ ಡಾಲೋಗೇ ತೋ ಆಪ್ ಕಾ ಹಿಸ್ಸಾ ಕಮ್ ಹೋ ಜಾಯೇಗಾ ಅಂಕಲ್."

ಹಾಕದಿದ್ದರೆ ಪಾಲು ಕಮ್ಮಿ ಎಂದದ್ದು ಮಾವನಿಗೆ ತಿಂಗಳ ದುಡ್ಡಿನ ಮಾತಾಗಿ ಕೇಳಿಸಿತು. "ತಿಂಗಳಿನದ್ದು ಕಮ್ಮಿ ಆಗ್ತದಾ?"

"ನಹೀ ನಹೀ. ಸ್ಯಾಲರಿ ವಹೀ ರಹೇಗೀ."

"ಹಾಗಾದ್ರೆ ಆಯ್ತಲ್ಲ. ಮೀಟಿಂಗಿಗೆಲ್ಲ ನಾನು ಬರುದು ಸರಿಯಲ್ಲ. ನೀವು ನೀವೇ ನೋಡ್ಕೊಳ್ಳಿ."

ಫೋನು ಇಟ್ಟ ಮೇಲೆ ಮಾವ ಖುಷಿಯಲ್ಲಿದ್ದರು. "ಅಷ್ಟು ದೊಡ್ಡ ಮಶಿನು ಅವರ ಖರ್ಚಲ್ಲಿ ಬರ್ತದೆ. ಹೋಗುವಾಗ ಹೊತ್ಕೊಂಡು ಹೋಗ್ಲಿಕ್ಕೆ ಆಗ್ತದಾ?" ಎಂದರು. ನಾನು ಹಾರ್ನ್ ಹೊಡೆಯುತ್ತಿದ್ದೆ. ಆ ಒಂದು ಫೋನಿನಲ್ಲಿ ಏನು ಹೋಯಿತು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೂ ಎರಡು ಸಲ ಹೀಗೇ ದುಡ್ಡು ಹಾಕಿದರು. ಎರಡು ಸಲವೂ ಕರೆದರು. ಮಾವ ಹೋಗಲಿಲ್ಲ. ಹಿಟ್ಟೆಲ್ಲ ಮಹಾಪೆಯಲ್ಲಿ ಆಗತೊಡಗಿತು, ಪ್ಲಾಸ್ಟಿಕ್ ಪೌಚಿನಲ್ಲಿ ತುಂಬಿ ಹೋಟೆಲುಗಳಿಗೂ ಅಂಗಡಿಗಳಿಗೂ ಹೋಗತೊಡಗಿತು. ಪೌಚಿನ ಮೇಲೆ ನಮ್ಮ ಹೆಸರೇ ಇತ್ತು. ಶಹಾಡಿನ ಗಾಳಾ ಖಾಲಿ ಡಬ್ಬಿ, ರಟ್ಟಿನ ಪೆಟ್ಟಿಗೆ ಇಡುವ ಗೋಡೌನ್ ಆಯಿತು. ನನಗೆ ಮಹಾಪೆಯಲ್ಲಿ ಗಾಡಿಗಳಿಗೆ ಮಾಲು ಹೊಂದಿಸುವ ಕೆಲಸ ಕೊಟ್ಟರು. ಮಾವ ಮನೆಯಲ್ಲೇ ಇರುತ್ತಿದ್ದರು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಮನುಷ್ಯ. ಬೆಳಿಗ್ಗೆ ಸ್ಟೇಷನ್ನಿನವರೆಗೆ ಹೋಗಿ ವಾಪಸು ಬರುತ್ತಿದ್ದರು. ಪ್ಲಾಂಟಿಗೆ ಬನ್ನಿ ಎಂದು ನಾನು ಕರೆದರೆ ಒಂದೇ ಉತ್ತರ: "ಕಂಡಕ್ಟಿಗೆ ಕೊಟ್ಟ ಮೇಲೆ ಧನಿ ಅಡುಗೆಮನೆಗೆ ಹೋಗಬಾರದು ಅಳಿಯ."

ಕಂಪನಿಯ ದೊಡ್ಡ ಸಾಹೇಬನೊಬ್ಬ ಹೊರದೇಶದಿಂದ ಬಂದಾಗ ಮಾತ್ರ ಬಲವಂತಕ್ಕೆ ಹೋದರು. ಸಾಹೇಬ ಎತ್ತರದ ಮನುಷ್ಯ, ಜೋರು ಮಾತಿಲ್ಲ. ಇಡ್ಲಿಯನ್ನು ಕೈಯಲ್ಲೇ ಮುರಿದು ತಿಂದ. ಮಾವ ಯಾವ ಮೀಟಿಂಗಿಗೂ ಯಾಕೆ ಬರುವುದಿಲ್ಲ ಎಂದು ಥಾಣೆಯವನ ಮೂಲಕ ಕೇಳಿಸಿದ.

"ನಾನು ಬಂದು ಕೂತ್ರೆ ನಿಮ್ಗೆ ಕಸಿವಿಸಿ ಆಗ್ತದೆ. ನಿಮ್ಮ ಮೇಲೆ ನಂಬಿಕೆ ಉಂಟು ಅಂತ ಹೇಳಿ ಅವರಿಗೆ," ಎಂದರು ಮಾವ.

ಥಾಣೆಯವನು ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬ ಎದ್ದು ನಿಂತು ಎರಡೂ ಕೈಯಲ್ಲಿ ಮಾವನ ಕೈ ಹಿಡಿದ. ನಾಟಕವಲ್ಲ ಅದು. ಅವನಿಗೆ ನಿಜವಾಗಿ ಸಂತೋಷವಾಗಿತ್ತು. ಮಾವನಿಗೂ ಆಗಿತ್ತು.

ಐದನೇ ವರ್ಷ ಮುಗಿಯುತ್ತಾ ಬಂದಾಗ ಮಾವ ಹತ್ತು ವರ್ಷ ಚಿಕ್ಕವರಾದ ಹಾಗೆ ಓಡಾಡಿದರು. ಬಿಟ್ಟು ಹೋಗುವವರು ಗೋಡೆಗೆ ಸುಣ್ಣ ಹೊಡೆಸಿಕೊಡಬೇಕು, ಇವರಿಗೆ ಆ ಕ್ರಮ ಗೊತ್ತಿಲ್ಲ ಎಂದು ಬೈದುಕೊಂಡು ತಾವೇ ಶಹಾಡಿನ ಗಾಳಾಕ್ಕೆ ಬಣ್ಣ ಹೊಡೆಸಿದರು. ಗೋಡೌನಿನ ಕಾವಲಿನವ ಫೋಟೋ ತೆಗೆದು ಥಾಣೆಯವನಿಗೆ ಕಳಿಸಿದ. ಅವನಿಂದ ಮಾವನಿಗೆ ಥ್ಯಾಂಕ್ಯೂ ಎಂದು ಮೆಸೇಜು ಬಂತು, ಕೈ ಮುಗಿಯುವ ಚಿತ್ರದ ಜೊತೆ. ಮಾವ ಗ್ರೈಂಡರಿಗೆ ಹೊಸ ಬೆಲ್ಟು ಹಾಕಿಸಿದರು. ಹಳೆಯ ಕೆಲಸದವರಲ್ಲಿ ಊರಿಗೆ ಹೋದವರಿಗೆ ಫೋನು ಮಾಡಿ ತಯಾರಿರಿ ಎಂದರು. ಆಮೇಲೆ ನನ್ನನ್ನು ಕರೆದುಕೊಂಡು ಒಂದೊಂದೇ ಹೋಟೆಲಿಗೆ ಹೋದರು. ಬರುವ ತಿಂಗಳಿನಿಂದ ಹಿಟ್ಟು ಮತ್ತೆ ಶಹಾಡಿನದು, ನಾನೇ ಮಾಡಿಸುತ್ತೇನೆ ಎಂದು ಎಲ್ಲರಿಗೂ ಮಾತು ಕೊಟ್ಟರು. ಕಲ್ಯಾಣದ ಧನಿ ಅವರ ಬೆನ್ನು ತಟ್ಟಿ, "ಬನ್ನಿ ಮಾರಾಯ್ರೆ, ಪ್ಲಾಸ್ಟಿಕ್ ಕತ್ತರಿಸಿ ಕತ್ತರಿಸಿ ನಮ್ಮ ಭಟ್ಟರಿಗೆ ದರ್ಜಿ ಕೆಲಸ ಬಂತು," ಎಂದ.

ನನಗೆ ಆಗ ಅನುಮಾನ ಶುರುವಾಗಿತ್ತು. ಬಿಟ್ಟು ಹೋಗುವವರು ಹೊಸ ಮಶಿನು ತರಿಸುವುದಿಲ್ಲ. ಮಹಾಪೆಯಲ್ಲಿ ಆ ವಾರವೂ ಒಂದು ಬಂದಿತ್ತು. ಮಾವನಿಗೆ ಹೇಳಿದೆ. "ನಿಂಗೆ ಅಲ್ಲಿಯ ಗಾಳಿ ತಾಗಿದೆ," ಎಂದರು.

ಗಡುವು ಮುಗಿದ ದಿನ ಮಾವ ಬಿಳಿ ಅಂಗಿ ತೊಟ್ಟು, ಬಿಳಿ ಪಂಚೆ ಉಟ್ಟು ಮಹಾಪೆಯ ಆಫೀಸಿಗೆ ಬಂದರು. ಚೀಲದಲ್ಲಿ ತೆಂಗಿನಕಾಯಿ, ಹಣ್ಣು. ಥಾಣೆಯವನು ಎದ್ದು ಕುರ್ಚಿ ಕೊಟ್ಟ. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಚೆನ್ನಾಗಿ ನಡೆಸಿದ್ರಿ," ಎಂದರು ಮಾವ. "ಒಂದು ತಿಂಗಳೂ ತಪ್ಪಿಸ್ಲಿಲ್ಲ. ನಿಮ್ಮ ಸಾಹೇಬ್ರಿಗೂ ಹೇಳಿ. ಈಗ ಗಡುವು ಆಯ್ತಲ್ಲ, ಬಿಟ್ಟು ಕೊಡುದು ಯಾವಾಗ? ಮಶಿನೆಲ್ಲ ಒಮ್ಮೆಲೇ ತೆಗೀಬೇಕು ಅಂತ ಇಲ್ಲ. ಬೇಕಾದ್ರೆ ನಾನೇ ರೇಟು ಕೊಟ್ಟು ಇಟ್ಕೊಳ್ತೇನೆ."

ಥಾಣೆಯವನು ಮೊದಲು ನಕ್ಕ. ತಮಾಷೆ ಎಂದುಕೊಂಡಿರಬೇಕು. ತೆಂಗಿನಕಾಯಿ ನೋಡಿದ. ನನ್ನ ಮುಖ ನೋಡಿದ. ಅವನ ನಗು ಹೋಯಿತು. ಅವನೂ ಹೋಟೆಲಿನವರ ಮನೆಯ ಮಗನೇ. ಮಾವ ಐದು ವರ್ಷ ಯಾವ ಲೆಕ್ಕದಲ್ಲಿ ನಡೆದರು ಎಂದು ಅವನಿಗೆ ಆಗ ಹೊಳೆಯಿತು.

ಆವತ್ತು ಮೊದಲ ಸಲ ಅವನು ಕನ್ನಡ ಮಾತಾಡಿದ. ತಡವರಿಸುತ್ತಾ, ಚಿಕ್ಕ ಮಕ್ಕಳ ಹಾಗೆ ಒಂದೊಂದೇ ಮಾತು ಜೋಡಿಸಿ.

"ಅಂಕಲ್, ಇದು ಕಂಡಕ್ಟ್ ಅಲ್ಲ. ಇದು ಪಾಲು. ನಿಮ್ದು ಪಾಲು ನಲವತ್ತೊಂಬತ್ತು ಇತ್ತು. ಅವರು ದುಡ್ಡು ಹಾಕಿದ್ರು, ನೀವು ಹಾಕ್ಲಿಲ್ಲ. ಈಗ ನಿಮ್ದು ಆರು ಉಂಟು."

"ಆರು ಅಂದ್ರೆ?"

"ನೂರರಲ್ಲಿ ಆರು."

"ಪಾಲು ಎಷ್ಟಾದ್ರೂ ಇರ್ಲಿ. ಗಾಳಾ?"

"ಗಾಳಾ ಕಂಪನಿದು ಅಂಕಲ್. ನೀವು ಹಾಕಿದ್ದು. ಶುರುವಲ್ಲಿ."

"ಹೆಸರು?"

ಮೇಜಿನ ಮೇಲೆ ನಮ್ಮ ಹೆಸರಿದ್ದ ಪೌಚು ಇತ್ತು, ಅವನು ಅದನ್ನು ಅತ್ತ ಸರಿಸಿದ.

ನಾನು ಒಳಗೆ ನುಗ್ಗಿದೆ. "ಐದು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಹಿಂದಿ ಬರ್ತದೆ, ಇಂಗ್ಲಿಷ್ ಬರ್ತದೆ, ಇದು ಹೇಳ್ಲಿಕ್ಕೆ ಕನ್ನಡ ಈಗ ಬಂತಾ?" ಎಂದೆ. ಇನ್ನೂ ಕೆಟ್ಟದ್ದು ಹೇಳಿದೆ, ಅದನ್ನು ಬರೆಯುವುದಿಲ್ಲ.

ಮಾವ ನನ್ನ ಕೈ ಹಿಡಿದು ಕೂರಿಸಿದರು. "ಅವ ಕರೆದಿದ್ದ. ಮೂರು ಸಲ ಕರೆದಿದ್ದ. ಕಮ್ಮಿ ಆಗ್ತದೆ ಅಂತಲೂ ಹೇಳಿದ್ದ. ಸುಳ್ಳು ಹೇಳ್ಲಿಲ್ಲ."

ಅದೇ ನನಗೆ ತಡೆಯಲಾಗದ್ದು. ಮೋಸ ಮಾಡಿದ್ದರೆ ಪೊಲೀಸ್ ಸ್ಟೇಷನ್ ಇತ್ತು, ಬೈಯಲು ಒಂದು ಮುಖ ಇತ್ತು. ಇಲ್ಲಿ ಮಾವ ಒಬ್ಬ ಒಳ್ಳೆಯ ಧನಿ ಹೇಗಿರಬೇಕೋ ಹಾಗೆ ಇದ್ದರು, ಕಂಪನಿ ಕಂಪನಿಯ ಹಾಗೆ ಇತ್ತು. ದೂರ ನಿಂತದ್ದೇ ಮಾವನ ಮರ್ಯಾದೆ. ಕಂಪನಿಯ ಲೆಕ್ಕದಲ್ಲಿ ದೂರ ನಿಂತವನ ಪಾಲು ಕರಗುತ್ತದೆ.

ಥಾಣೆಯವನು ಮುಂದಿನದನ್ನೂ ಹೇಳಲೇಬೇಕಿತ್ತು, ಹೇಳಿದ. ಉಳಿದ ಪಾಲನ್ನು ಕಂಪನಿ ಕೊಳ್ಳಲು ತಯಾರಿದೆ. ಕೊಡದಿದ್ದರೆ ಹಾಗೇ ಇಟ್ಟುಕೊಳ್ಳಬಹುದು. ಪಾಲು ಇರುವಷ್ಟು ದಿನವೂ, ಕೊಟ್ಟ ಮೇಲೆ ಕೆಲವು ವರ್ಷವೂ ಮಾವ ಬೇರೆ ಹಿಟ್ಟು ಮಾಡಿ ಮಾರುವಂತಿಲ್ಲ, ಯಾವ ಹೆಸರಿನಲ್ಲೂ. ಆ ಶರತ್ತೂ ಸಹಿ ಹಾಕಿದ ಕಾಗದದಲ್ಲಿ ಮೊದಲಿನಿಂದ ಇತ್ತು.

ಮಾವ ತೆಂಗಿನಕಾಯಿಯ ಚೀಲ ಅಲ್ಲೇ ಬಿಟ್ಟು ಎದ್ದರು. ಥಾಣೆಯವನು ಲಿಫ್ಟಿನವರೆಗೆ ಬಂದ. ಬಾಗಿ ಕಾಲು ಮುಟ್ಟಲು ಹೋದ, ಮಾವ ಹಿಂದೆ ಸರಿದರು. ಸಿಟ್ಟಿನಿಂದ ಅಲ್ಲ. ಅದಕ್ಕೆ ಅವರಲ್ಲಿ ಆಗ ಜಾಗವಿರಲಿಲ್ಲ.

ಮನೆಯಲ್ಲಿ ಅತ್ತೆ ಎಲ್ಲ ಕೇಳಿದರು. ನಾನು ಹೇಳಿರಲಿಲ್ಲವಾ ಎನ್ನಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನ್ನಿಸಿತು.

ವಾರದ ಕೊನೆಗೆ ಮಾವ ಪಾಲು ಕೊಟ್ಟುಬಿಟ್ಟರು. ನಾನು ಬೇಡ ಎಂದೆ. "ಒಳಗೆ ಹೋಗ್ಲಿಕ್ಕಿಲ್ಲದ ಮನೇಲಿ ಒಂದು ಕಿಟಕಿ ನಂದು ಅಂತ ಇಟ್ಕೊಂಡು ಎಂತ ಮಾಡುದು?" ಎಂದರು. ಬಂದ ದುಡ್ಡು ಕಮ್ಮಿಯದಲ್ಲ, ಅದನ್ನೂ ಹೇಳಬೇಕು. ಅವರಿಬ್ಬರಿಗೆ ಮುಂದೆ ಊಟಕ್ಕೆ ತೊಂದರೆಯಿಲ್ಲ. ಆದರೆ ಮಾವ ಕೇಳಿದ್ದು ಊಟವನ್ನಲ್ಲ.

ನನಗೆ ಕೆಲಸ ಬಿಡು ಎಂದು ಅವರು ಹೇಳಲಿಲ್ಲ. ನಾನೂ ಬಿಡಲಿಲ್ಲ. ಈಗಲೂ ಮಹಾಪೆಯಲ್ಲೇ ಇದ್ದೇನೆ. ನಾಚಿಕೆ ಇಲ್ಲವಾ ಎಂದು ಊರವರು ಕೇಳುತ್ತಾರೆ. ಮನೆಬಾಡಿಗೆ ಕಟ್ಟಿದವನಿಗೆ ಗೊತ್ತು.

ಉಳಿದದ್ದು ಒಂದು ಕೆಲಸ. ಹೋಟೆಲುಗಳಿಗೆ ಮಾವ ಮಾತು ಕೊಟ್ಟು ಬಂದಿದ್ದರು. ಫೋನಿನಲ್ಲಿ ಹೇಳಿದರೆ ಸಾಕು ಎಂದೆ. ಒಪ್ಪಲಿಲ್ಲ. "ಬಾಯಲ್ಲಿ ಕೊಟ್ಟದ್ದು. ಹೋಗಿಯೇ ವಾಪಸ್ ತಗೊಂಡು ಬರ್ಬೇಕು," ಎಂದರು. ರಜೆ ಹಾಕಿ ಅವರ ಜೊತೆ ಹೋದೆ. ಕೋಪರಿಯಿಂದ ಶುರು ಮಾಡಿದೆವು. ಆಮೇಲೆ ಡೊಂಬಿವಲಿ. ಎಲ್ಲ ಕಡೆ ಎರಡೇ ನಿಮಿಷ, ನಿಂತುಕೊಂಡೇ ಹೇಳಿದರು, ಈ ಸಲ ಆಗುವುದಿಲ್ಲ, ನನ್ನನ್ನು ನಂಬಿ ಕಾಯಬೇಡಿ. ಕಾರಣ ಹೇಳಲಿಲ್ಲ.

ಕಲ್ಯಾಣದ ಧನಿ ಮಾತ್ರ ಬಿಡಲಿಲ್ಲ. ಕೌಂಟರಿನಿಂದ ಎದ್ದು ಬಂದು, ಮಾವನನ್ನು ಒಳಗಿನ ಟೇಬಲಿನಲ್ಲಿ ಕೂರಿಸಿ, ಎದುರು ತಾನೂ ಕೂತ.

"ಎಂತ ಮಾರಾಯ್ರೆ, ಗಡುವು ಮುಗಿದ್ರೂ ಬಿಡುದಿಲ್ವಂತಾ ಅವರು? ನಮ್ಮ ಸಂಘದಲ್ಲಿ ಹೇಳುವಾ. ಕಂಡಕ್ಟಿಗೆ ಕೊಟ್ಟದ್ದು ವಾಪಸ್ ಕೊಡುದಿಲ್ಲ ಅಂದ್ರೆ ಹೇಗೆ?"

"ಕಂಡಕ್ಟಿಗೆ ಕೊಟ್ಟದ್ದಲ್ಲ," ಎಂದರು ಮಾವ.

"ಮತ್ತೆ?"

ಮಾವ ಟೇಬಲಿನ ಮೇಲೆ ಬಿದ್ದ ನೀರನ್ನು ಬೆರಳಿನಿಂದ ಎಳೆದರು. ಅವರು ಮೋಸ ಹೋದೆ ಎನ್ನುತ್ತಾರೆ ಎಂದು ನಾನು ಕಾದೆ. ಹಾಗೆ ಹೇಳಿದ್ದರೆ ಇಡೀ ಕಲ್ಯಾಣದ ಹೋಟೆಲಿನವರು ಅವರ ಬೆನ್ನಿಗೆ ನಿಲ್ಲುತ್ತಿದ್ದರು, ಆ ಪೌಚು ತರಿಸುವುದನ್ನೇ ನಿಲ್ಲಿಸುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

"ಮಾರಿದೆ," ಎಂದರು.

ಅಷ್ಟು ವರ್ಷದ ಸ್ನೇಹದಲ್ಲಿ ಧನಿಗೆ ತಮಾಷೆ ಸಿಗದೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹುಡುಗ ಕಾಫಿ ತಂದಿಟ್ಟು ಹೋದ. ಇಬ್ಬರೂ ಮುಟ್ಟಲಿಲ್ಲ.

"ಹಾಗಾದ್ರೆ ನಾಳೆಯಿಂದ ಹಿಟ್ಟು ಯಾರತ್ರ ತಗೊಳ್ಲಿ?" ಎಂದ ಧನಿ, ಕೊನೆಗೆ.

"ಅವರತ್ರವೇ ತಗೊಳ್ಳಿ," ಎಂದರು ಮಾವ. "ಹಿಟ್ಟು ಒಳ್ಳೇದುಂಟು."